ಬಿದರಹಾಳಿನಲ್ಲಿ ಹೊಡೆದ ತಮಟೆ

ಬಾಗಿಲು ಮೂರು ಸಲ ಬಡಿಯಿತು. ಮೂರೇ ಸಲ.

ವಿಮಲಮ್ಮ ಎದ್ದು ಕುಳಿತಳು. ಪಕ್ಕದಲ್ಲಿ ಮಲಗಿದ್ದ ಗಂಡ ಕಣ್ಣು ತೆರೆಯದೆಯೇ, "ನಾಯಿ ಕಣೆ, ಮನಿಕ್ಕೊ" ಎಂದರು. ನಾಯಿ ಬಾಗಿಲನ್ನು ಎಣಿಸಿ ಬಡಿಯುತ್ತದೆಯೇ? ಅಗುಳಿ ಸರಿಸಿ ನೋಡಿದರೆ ಜಗಲಿ ಬರಿದು. ಹೊಸ್ತಿಲ ಮೇಲೆ ತಮಟೆ ಬಾರಿಸುವ ಬಿದಿರು ಕಡ್ಡಿಯೊಂದು; ಅದರಡಿ ನಾಲ್ಕಾಗಿ ಮಡಿಸಿದ ಕಾಗದ.

ಅಡುಗೆಮನೆಯ ದೀಪ ಹಾಕಿ ಕಾಗದ ಬಿಡಿಸಿದಳು. ಯೋಜನಾ ಪ್ರಾಧಿಕಾರದ ನೋಟೀಸು. ಬಿದರಹಾಳು ಗ್ರಾಮದ ಹನ್ನೊಂದು ಎಕರೆ ಗೋಮಾಳವನ್ನು ಒಂದು ರೆಸಾರ್ಟಿಗೂ ಅದಕ್ಕೆ ಹೋಗುವ ಮೂವತ್ತಡಿ ರಸ್ತೆಗೂ ಬಿಟ್ಟುಕೊಡುವ ಪ್ರಸ್ತಾವ. ಆಕ್ಷೇಪಣೆಗೆ ಮೂವತ್ತು ದಿನ. ಅದು ಇಂದಿಗೆ ಮುಗಿದಿತ್ತು. ಬಹಿರಂಗ ವಿಚಾರಣೆ ನಾಳೆ ಹನ್ನೊಂದಕ್ಕೆ, ತೆಂಕಲಕೊಪ್ಪಲು ಪಂಚಾಯಿತಿ ಕಚೇರಿಯಲ್ಲಿ. ಹಿಂಬದಿಗೆ ಮಹಜರಿನ ಪ್ರತಿ ಲಗತ್ತಾಗಿತ್ತು: 'ಗ್ರಾಮದಲ್ಲಿ ತಮಟೆ ಹೊಡೆಸಿ ಸಾರಲಾಯಿತು. ಯಾರೂ ಆಕ್ಷೇಪಿಸಲಿಲ್ಲ.' ಸಹಿ ಇರಬೇಕಾದ ಕೆಳಗಿನ ಅಂಚನ್ನು ಯಾರೋ ಹರಿದುಬಿಟ್ಟಿದ್ದರು.

ಅವಳೂರು ತೆಂಕಲಕೊಪ್ಪಲಿನ ಎಂಬತ್ತು ಹಸುಗಳು ಮೇಯುವುದು ಆ ಗೋಮಾಳದಲ್ಲೇ. ಅದು ಹೋದರೆ ಹಸುಗಳನ್ನು ಕಟ್ಟಿ ಸಾಕುವವರಿಲ್ಲ. ಹಸುಗಳು ಹೋದರೆ, ಹದಿನಾರು ವರ್ಷದಿಂದ ಅವಳು ಕಾರ್ಯದರ್ಶಿಯಾಗಿ ನಡೆಸುತ್ತಿರುವ ಹಾಲಿನ ಡೈರಿಗೆ ಬೀಗ. ಇಷ್ಟು ಗೊತ್ತಿದ್ದೂ ಆ ಹೊತ್ತಿಗೆ ಅವಳನ್ನು ಕೊರೆದ ಪ್ರಶ್ನೆ ಇನ್ನೊಂದು. ತಮಟೆ ಹೊಡೆಸಿದರಂತೆ. ಹಾಗಾದರೆ ತನ್ನ ಕಿವಿಗೇಕೆ ಬೀಳಲಿಲ್ಲ?

ಬೆಳಗ್ಗೆ ಆರಕ್ಕೆ ಇಡೀ ಊರು ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿತ್ತು. ವಿಮಲಮ್ಮ ಅಳೆದು, ಹೆಸರು ಕೂಗಿ, ಪುಸ್ತಕದಲ್ಲಿ ಬರೆಯುತ್ತಿದ್ದಳು.

"ಬೀರಮ್ಮ, ನಾಲ್ಕೂವರೆ. ಸಣ್ಣಬೀರಯ್ಯ, ಮೂರು. ನಮ್ಮನೇದು, ಆರು."

"ನಮ್ಮನೇದು ಅನ್ನೋ ಎಸ್ರು ರೇಷನ್ ಕಾರ್ಡಲ್ಲಿ ಐತಾ ಅಕ್ಕ?" ಪಕ್ಕದ ಮನೆಯ ರಾಣಿ ಛೇಡಿಸಿದಳು. "ಒಂದ್ಸಲ ಗಂಡನ್ ಎಸ್ರು ಯೋಳುದ್ರೆ ಹಾಲು ಒಡ್ದೋಯ್ತದಾ?"

"ನಿನ್ನಂಗೆ ಬೀದೀಲಿ ಕೂಗಕ್ಕೆ ನಂಗೆ ಬಾಯಿ ಬರಕಿಲ್ಲ, ಬುಡೆ."

ಸಾಲು ನಕ್ಕಿತು. ನಗು ನಿಂತ ಮೇಲೆ ವಿಮಲಮ್ಮ ಕೇಳಿದಳು: "ಒಂದು ತಿಂಗಳಿಂದೀಚೆಗೆ ಊರಲ್ಲಿ ತಮಟೆ ಸದ್ದು ಯಾರಾದ್ರೂ ಕೇಳಿದೀರಾ?"

ಯಾರೂ ಕೇಳಿರಲಿಲ್ಲ. ಅವಳು ನೋಟೀಸು ಓದಿದಳು. ಕ್ಯಾನುಗಳು ಒಂದೊಂದಾಗಿ ನೆಲಕ್ಕಿಳಿದವು.

"ಮೂವತ್ತಡಿ ರಸ್ತೆನಾ?" ಬೀರಮ್ಮ ಬೆರಳು ಮಡಿಸಿ ಯೋಚಿಸಿದಳು. "ಗಾಡಿ ದಾರಿ ಇಲ್ದಿರೋ ನಿಮ್ ಒಲದ ಬದೀಗೇ ಬತ್ತದಲ್ಲವ್ವ!"

ಆ ಮಾತು ವಿಮಲಮ್ಮನ ಕಿವಿಯನ್ನು ಸವರಿಕೊಂಡು ಹೋಯಿತು, ಒಳಗೆ ಇಳಿಯಲಿಲ್ಲ. ಅವಳು ಫ್ಲಾಸ್ಕಿನಿಂದ ನೇರವಾಗಿ ಕಾಫಿ ಗುಟುಕರಿಸಿದಳು. ಅದರ ಮುಚ್ಚಳದ ಲೋಟ ತಿಂಗಳ ಹಿಂದೆ ನಾಲೆಗೆ ಬಿತ್ತೆಂದು ಯಜಮಾನರು ಹೇಳಿದ್ದರು. ಡೈರಿಗೆ ಕದ ಹಾಕಿ ಹೊರಟದ್ದು ನೇರ ಅಂಕಯ್ಯನ ಮನೆಗೆ. ಊರಿನಲ್ಲಿ ತಮಟೆ ಹೊಡೆಯುವವನು ಅವನೊಬ್ಬನೇ.

ಕಡ್ಡಿಯನ್ನು ಅವನ ಮುಂದಿಟ್ಟಳು. ಮುದುಕ ಅಲ್ಲಗಳೆಯಲಿಲ್ಲ.

"ಒಡ್ದೆ ಕಣವ್ವ. ಸುಳ್ಳಲ್ಲ. ತೋಳು ಬೀಳೋಗಂಟ ಒಡ್ದೆ."

"ಎಲ್ಲಿ?"

"ಬಿದರಹಾಳಲ್ಲಿ."

ಬಿದರಹಾಳು ಎಂಬ ಊರು ಇರುವುದು ಕಂದಾಯದ ಪುಸ್ತಕದಲ್ಲಿ ಮಾತ್ರ. ಮುತ್ತಜ್ಜನ ಕಾಲದಲ್ಲಿ ಪ್ಲೇಗು ಬಂದು ಜನ ಬಿಟ್ಟುಹೋದ ನೆಲ. ಬೇಚರಾಕ್ ಗ್ರಾಮವೆಂದು ದಾಖಲೆಯಲ್ಲಿ ಉಳಿದಿದೆ. ಒಂದು ಮನೆಯಿಲ್ಲ, ಒಂದು ಒಲೆಯಿಲ್ಲ. ಲಂಟಾನದ ನಡುವೆ ಕುಸಿದ ಬಾವಿಯೊಂದಿದೆ.

"ಅಲ್ಲಿ ಕೇಳುದೋರು ಯಾರು ಅಂಕಯ್ಯಣ್ಣ?"

"ಎಲ್ಡು ನವಿಲು. ಒಂದು ಅರ್ಧಕ್ಕೇ ಎದ್ದೋಯ್ತು."

ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಮುದುಕ ಕಡ್ಡಿಯನ್ನು ಕೈಗೆತ್ತಿಕೊಂಡ.

"ಜಮೀನು ಯಾವೂರಿನ ದಾಖಲೇಲಿ ಐತೋ ಆ ಊರಲ್ಲೇ ಸಾರ್ಬೇಕು, ಅದೇ ಕಾನೂನು ಅಂದ್ರು. ಮುಳ್ಳು ಸವರ್ಕಂಡು ಮುಂದೆ ಮುಂದೆ ನಡುದ್ರು. ಬಿಸಿ ಕಾಫಿನೂ ಕೊಟ್ರು. ಎಬ್ಬೆಟ್ಟು ಒತ್ತಿಸ್ಕಂಡು ಈ ಕಾಗದ ಕೊಟ್ರು. ಯಾರ ಕಿವಿಗೂ ಬೀಳ್ದಂಗೆ ತಮಟೆ ಒಡ್ದಿದ್ದು ಜನ್ಮದಲ್ಲಿ ಅದೊಂದೇ ಸಲ ಕಣವ್ವ. ನಿದ್ದೆ ಬರ್ನಿಲ್ಲ."

"ಯಾರಣ್ಣ ಅದು?"

"ಎಸ್ರು ಯೋಳಲ್ಲ ಅಂತ ಮಾತು ಕೊಟ್ಟಿದೀನಿ. ಅದ್ಕೇ ಅಂಚು ಅರ್ದು ತಂದಿಟ್ಟೆ. ಮೂಲ ಕಾಗದ ಸಾಯೇಬ್ರ ತಾವ ಐತೆ, ನೀನೇ ನೋಡ್ಕೊ. ನೋಡ್ದಿದ್ರೂ ಒಳ್ಳೇದೇ."

ಎದ್ದು ನಿಂತಾಗ ಅವಳ ಕಣ್ಣು ಗೋಡೆಯ ಗೂಡಿಗೆ ಹೋಯಿತು. ಅಲ್ಲೊಂದು ಫ್ಲಾಸ್ಕಿನ ಸ್ಟೀಲು ಮುಚ್ಚಳದ ಲೋಟ ಬೋರಲಾಗಿ ಕುಳಿತಿತ್ತು. ಅಂಥವು ಹುಣಸೂರಿನ ಅಂಗಡಿಗಳಲ್ಲಿ ನೂರಿರುತ್ತವೆ ಎಂದುಕೊಂಡು ವಿಮಲಮ್ಮ ಹೊರಬಿದ್ದಳು. ಆದರೆ ದಾರಿಯುದ್ದಕ್ಕೂ ನಡಿಗೆ ನಿಧಾನವಾಯಿತು.

ಹನ್ನೊಂದಕ್ಕೆ ಪಂಚಾಯಿತಿ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಚಾರಣಾಧಿಕಾರಿ ನೀಲಕಂಠಸ್ವಾಮಿ ಸೌಮ್ಯ ಮನುಷ್ಯ. ಮೇಜಿನ ಮೇಲೆ ಮೈಕು, ಎದುರಿಗೆ ಕ್ಯಾಮೆರಾ.

"ಅವಧಿಯೊಳಗೆ ಒಂದೂ ಆಕ್ಷೇಪಣೆ ಬಂದಿಲ್ಲ. ಸಾರಿದ್ದಕ್ಕೆ ಮಹಜರು ಇದೆ. ಇನ್ನೇನಮ್ಮ?"

"ಬಿದರಹಾಳಿನ ಮತದಾರರ ಪಟ್ಟಿ ತರ್ಸಿ ಸಾರ್," ಎಂದಳು ವಿಮಲಮ್ಮ. "ಅದ್ರಲ್ಲಿ ಒಂದೇ ಒಂದು ಎಸ್ರು ಇದ್ರೂ ನಾವೆಲ್ಲ ಎದ್ದೋಯ್ತೀವಿ."

ಅಧಿಕಾರಿ ಕನ್ನಡಕ ತೆಗೆದರು. "ಅಲ್ಲಿ ಜನ ಇಲ್ಲವೇ?"

"ನವಿಲವೆ ಸಾರ್!" ಹಿಂದಿನಿಂದ ರಾಣಿ ಕೂಗಿದಳು. ಕಚೇರಿಯ ಹೆಂಚು ಹಾರುವಂತೆ ಜನ ನಕ್ಕರು.

ಅವರು ನಗಲಿಲ್ಲ. ಕಡತದ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿ, ಕೊನೆಗೆ ಹೇಳಿದರು: "ನೀವು ಹೇಳುವುದು ನಿಜವಾದರೆ ಈ ಸಾರಿಕೆ ಊರ್ಜಿತವಾಗುವುದಿಲ್ಲ; ಊರಿನಲ್ಲಿ ಹೊಸದಾಗಿ ಸಾರಿಸಿ, ಮತ್ತೆ ಮೂವತ್ತು ದಿನ ಕೊಡಬೇಕಾಗುತ್ತದೆ. ಆದರೆ ಮಹಜರು ದಾರಿ ತಪ್ಪಿಸುವಂಥದ್ದು ಅನ್ನುವವರು, ಸ್ಥಳ ತೋರಿಸಿದವರು ಯಾರೆಂದು ಬಾಯಿಬಿಟ್ಟು ಹೆಸರು ಹೇಳಬೇಕು. ಅದು ಮೈಕಿನಲ್ಲಿ ದಾಖಲಾಗಬೇಕು. ಇಲ್ಲವಾದರೆ ಕಡತ ಇಲ್ಲಿಗೇ ಮುಗಿಯಿತು."

"ಇಲ್ಲಿ ಸಹಿಯಷ್ಟೇ ಇದೆ, ಹೆಸರಿಲ್ಲ," ಎಂದು ಮೂಲ ಮಹಜರನ್ನು ಅವಳ ಕಡೆಗೆ ತಿರುಗಿಸಿದರು. ಅಂಕಯ್ಯನ ಹೆಬ್ಬೆಟ್ಟಿನ ಪಕ್ಕದಲ್ಲೇ ಆ ಸಹಿಯಿತ್ತು. ಡೈರಿಯ ಪುಸ್ತಕದಲ್ಲಿ, ಆರು ಲೀಟರಿನ ಎದುರು, ವಾರಕ್ಕೊಮ್ಮೆ ಬೀಳುವ ಸಹಿ.

ವಿಮಲಮ್ಮ ತಲೆಯೆತ್ತಿದಳು. ಬಾಗಿಲ ಬಳಿ ನಿಂತವರೊಬ್ಬರು ಅವಳ ಕಣ್ಣು ತಪ್ಪಿಸಿ ನೆಲ ನೋಡಿದರು. ಹೊರಗೆ, ಗೋಮಾಳಕ್ಕೆ ಹೊರಟ ಹಸುವೊಂದು ಕೂಗಿತು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಾಲಿಗೆಗೆ ತಂದುಕೊಳ್ಳದ ಹೆಸರು. ಅವಳು ಸೆರಗು ಸರಿಪಡಿಸಿಕೊಂಡು, ಮೈಕನ್ನು ಹತ್ತಿರಕ್ಕೆಳೆದುಕೊಂಡಳು.

"ನಿಂಗಯ್ಯ."