ಕೋಯಾಕನ ಮೊದಲ ಮಾತು

ಶುಕ್ರವಾರ ಬೆಳಿಗ್ಗೆ ಹೋಟೆಲಿಗೆ ಕೊಡುವ ಪತ್ತಿರಿ ರೊಟ್ಟಿಗಳನ್ನೆಲ್ಲ ಬೇಯಿಸಿ ಕಳಿಸಿದ ಮೇಲೆ ರುಖಿಯ, ಕೈಯ ಅಕ್ಕಿಹಿಟ್ಟು ತೊಳೆದುಕೊಂಡು, ಮುಂದಿನ ಕೋಣೆಯ ಬಾಗಿಲು ಹಾಕಿ, ಎರಡೂ ಸ್ಪೀಕರ್ ಪೆಟ್ಟಿಗೆಗಳ ಹಿಂಬದಿಯ ಹಲಗೆ ಬಿಚ್ಚಿದಳು. ಎಂಟು ತಿಂಗಳು ಬೆನ್ನು ಮುರಿದು ಕಟ್ಟಿದ ಸೆಟ್ಟು ಅದು. ಇನ್ನು ನಾಲ್ಕು ಗಂಟೆಯಲ್ಲಿ ಕುಟ್ಟಿಚ್ಚಿರದ ಓಣಿಗಳ ಹಾಡು ಕೇಳುಗರೆಲ್ಲ ಬಂದು ಅದರ ಮುಂದೆ ಕೂರುವವರಿದ್ದರು. ಅವಳು ಅದನ್ನು ಕೆಡಿಸಲು ಕೂತಿದ್ದಳು.

ಕೆಡಿಸುವುದೆಂದರೆ ಹೆಚ್ಚೇನಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಕೆಳಗೊಂದು ದೊಡ್ಡ ಸ್ಪೀಕರು, ಅದರ ಮೇಲೆ ಅಂಗೈಯಗಲದ ಟ್ವೀಟರು. ಗೆಜ್ಜೆ, ತಾಳ, ಕೊಳಲಿನವನ ಉಸಿರು, ಇಂಥ ಸಣ್ಣ ಏರುದನಿಗಳನ್ನೆಲ್ಲ ಹೊರಡಿಸುವುದು ಈ ಚಿಕ್ಕದು. ಎರಡೂ ಟ್ವೀಟರುಗಳಿಂದ ಒಂದೊಂದು ವೈರು ಕಿತ್ತು, ತುದಿಗೆ ಕರಿ ಟೇಪು ಸುತ್ತಿ, ಹಲಗೆ ಮುಚ್ಚಿ ಸ್ಕ್ರೂ ಬಿಗಿದಳು. ಎದುರಿನಿಂದ ನೋಡಿದರೆ ಟ್ವೀಟರುಗಳು ಮದುಮಗಳ ಕಿವಿಯೋಲೆಯಂತೆ ಹೊಳೆಯುತ್ತಿದ್ದವು. ಉಸಿರು ಮಾತ್ರ ಇರಲಿಲ್ಲ.

ಆ ಓಣಿಗಳಲ್ಲಿ ಯಾರ ಮನೆಗೆ ಹೊಸ ಸೆಟ್ಟು ಬಂದರೂ ಶುಕ್ರವಾರದ ನಮಾಜು, ಊಟ ಮುಗಿಸಿ ಕೇಳುಗರು ಬಂದು ಕೂರುತ್ತಾರೆ. ಹಳೆಯ ಹಿಂದಿ ಹಾಡುಗಳು ಒಂದಾದ ಮೇಲೊಂದು ನಡೆಯುತ್ತವೆ. ಕೋಯಾಕ ಬಾಯಿ ತೆರೆಯುವವರೆಗೆ ಸೆಟ್ಟಿನ ಬಗ್ಗೆ ಯಾರೂ ಉಸಿರೆತ್ತುವಂತಿಲ್ಲ. ಮೊದಲ ಮಾತು ಅವನದು. ಹೆಸರು ಆಲಿಕೋಯ, ವಲಿಯಂಗಾಡಿ ಪೇಟೆಯ ಕೊಬ್ಬರಿ ವ್ಯಾಪಾರಿ, ಎಪ್ಪತ್ತರ ಹತ್ತಿರ. ಪ್ರಾಯದಲ್ಲಿ ದೊಡ್ಡ ದೊಡ್ಡ ಗಾಯಕರ ಮಗ್ಗುಲಲ್ಲೇ ಕೂತು ಕೇಳಿದ ಕಿವಿ ಎಂದು ಊರೇ ಅದನ್ನು ತಕ್ಕಡಿಯಂತೆ ಬಳಸುತ್ತಿತ್ತು. ಎದುರಿಗಿದ್ದಾಗ ರುಖಿಯ ಅವನಿಗೆ 'ನೀವು, ತಾವು' ಎನ್ನುತ್ತಿದ್ದಳು. ಮನಸ್ಸಿನಲ್ಲಿ ಆರು ವರ್ಷಗಳಿಂದ ಅವನು ಬರೀ 'ಅವನು'.

ಆರು ವರ್ಷಗಳ ಹಿಂದೆ ಅವಳ ಗಂಡ ಸೈದಾಲಿಗೆ ಓಣಿಯ ತಿರುವಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿತ್ತು. ಅವನು ತಾನೇ ಕೂಡಿಸಿದ ಆಂಪ್ಲಿಫೈಯರು, ಸ್ಪೀಕರು ಕೇಳಿ ದುಬೈಯ ಹಂಸಕುಟ್ಟಿ ಮನಸೋತಿದ್ದ. ಅಂಥ ಹತ್ತು ಸೆಟ್ಟು ಬೇಕು, ಆದರೆ ಮೊದಲು ಕೋಯಾಕ ಒಮ್ಮೆ ಕೇಳಲಿ ಎಂದಿದ್ದ. ಕೋಯಾಕ ಕೇಳಿದ. ಕಣ್ಣು ತೆರೆದು ಹೇಳಿದ: "ಮೇಲಿನ ಸ್ವರವೇ ಇಲ್ಲ. ಕಂಬಳಿ ಹೊದಿಸಿ ಹಾಡಿಸಿದ ಹಾಗುಂಟು. ಸೈದಾಲಿ, ಸೆಟ್ಟು ಆಮೇಲೆ ಮಾಡು, ಮೊದಲು ನಿನ್ನ ಕಿವಿಗೆ ಮದ್ದು ಮಾಡಿಸು."

ಕೂತವರು ನಕ್ಕರು. ಸೈದಾಲಿಯೂ ನಕ್ಕ, ಪಾಪ. ಮನೆಗೆ ಬಂದು ಏರುದನಿಯನ್ನು ಇನ್ನಷ್ಟು ಹೆಚ್ಚಿಸಿ ಮರುವಾರ ಮತ್ತೆ ಕರೆದ. ಕೋಯಾಕ ಸಾಲದು ಎಂದ. ಇನ್ನೂ ಹೆಚ್ಚಿಸಿದ. ಮೂರನೆಯ ಸಲ ಹಾಡು ಶುರುವಾದದ್ದೇ ಕೂತವರೆಲ್ಲ ಕಿವಿಗೆ ಬೆರಳಿಟ್ಟುಕೊಂಡರು. ಅವರ ಮುಖ ನೋಡಿದ ಕೋಯಾಕ ತಲೆಯಾಡಿಸಿ, ಹುಡುಗನಿಗೆ ಹದವೇ ತಿಳಿಯುವುದಿಲ್ಲ ಎಂದು ಎದ್ದುಹೋದ. ಹಂಸಕುಟ್ಟಿಯೂ ಅವನ ಹಿಂದೆಯೇ ಮೆಟ್ಟಿಲಿಳಿದ.

ಆ ಮಾತು ಊರೆಲ್ಲ ಹರಡಿ ಅಂಗಡಿ ಮುಚ್ಚಿದ್ದನ್ನು ರುಖಿಯ ಹೇಗೋ ನುಂಗಿಕೊಂಡಿದ್ದಳು. ಸೈದಾಲಿ ಈಗ ಗೂಡ್ಸ್ ಆಟೋ ಓಡಿಸುತ್ತಿದ್ದ, ಮನೆ ನಡೆಯುತ್ತಿತ್ತು. ಅವಳಿಗೆ ನುಂಗಲಾಗದ್ದು ಬೇರೆ. ಗಂಡ ತನ್ನ ಕಿವಿಯನ್ನೇ ನಂಬುವುದನ್ನು ಬಿಟ್ಟಿದ್ದ. ಆಟೋದ ಇಂಜಿನ್ ಸದ್ದು ಸರಿಯಿದೆಯೇ ಎಂದು ದಾರಿಹೋಕರನ್ನು ಕೇಳುತ್ತಿದ್ದ. ಮಗಳು ಶಾಲೆಯಲ್ಲಿ ಕಲಿತ ಹಾಡು ಹೇಳಿ ಹೇಗಿತ್ತು ಬಾಪ್ಪಾ ಎಂದರೆ, ನಿನ್ನ ಉಮ್ಮನನ್ನು ಕೇಳು, ನನಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದ. ಕಳೆದುಹೋದ ಆ ಕಿವಿಯನ್ನು ಅವನು ಮರಳಿ ಪಡೆಯಬೇಕು, ಕಿತ್ತುಕೊಂಡವನ ಕಣ್ಣೆದುರಿಗೇ ಪಡೆಯಬೇಕು. ಅವಳ ಛಲ ಇಷ್ಟೇ.

ದಾರಿ ಸಿಕ್ಕಿದ್ದು ಒಂದು ಮದುವೆಮನೆಯಲ್ಲಿ. ಗಂಡಸರಿಗೆ ಬಿರಿಯಾನಿ ಬಡಿಸುತ್ತಿದ್ದ ಚಪ್ಪರದ ಪರದೆಯ ಈಚೆ ಅವಳು ನಿಂತಿದ್ದಳು. ಕೋಯಾಕನ ಮುಂಗೈಯ ದುಬೈ ವಾಚಿನ ಅಲಾರಾಂ ಪಿಕ್ ಪಿಕ್ ಎಂದು ಬಡಿದುಕೊಳ್ಳತೊಡಗಿತು. ಅವನು ಕೈಯಾಡಿಸುತ್ತ ಹಳೆಯ ಹಾಡಿನ ಮೆಹಫಿಲಿನ ಕಥೆ ಹೇಳುತ್ತಲೇ ಇದ್ದ. ಮಾತಿನಲ್ಲಿ ಮುಳುಗಿದ್ದಾನೆ ಎಂದು ಉಳಿದವರು ಸುಮ್ಮನಿದ್ದರು. ಕೊನೆಗೆ ಪಕ್ಕದವನೊಬ್ಬ ಗುಂಡಿ ಒತ್ತಿ ನಿಲ್ಲಿಸಿದಾಗ ಕೋಯಾಕ ಬೆಚ್ಚಿ ಕೈ ಎಳೆದುಕೊಂಡ. ರುಖಿಯ, ಮದುವೆಗೆ ಮುಂಚೆ, ಹೆಂಗಸರೇ ರೇಡಿಯೋ ಜೋಡಿಸುವ ಸೊಸೈಟಿಯಲ್ಲಿ ಏಳು ವರ್ಷ ದುಡಿದವಳು. ವಯಸ್ಸಾದಂತೆ ಕಿವಿ ಮೇಲಿನಿಂದ ಕೆಳಕ್ಕೆ ಸೋರುತ್ತ ಬರುತ್ತದೆ, ಸಣ್ಣ ಸ್ವರಗಳು ಮೊದಲು ಹೋಗುತ್ತವೆ, ಹೋದದ್ದು ಹೋದವನಿಗೇ ತಿಳಿಯುವುದಿಲ್ಲ ಎಂದು ಅಲ್ಲಿನ ಮೇಸ್ತ್ರಿಯಮ್ಮ ಹೇಳಿಕೊಟ್ಟಿದ್ದಳು. ಸೆಟ್ಟಿನಲ್ಲಿ ಇಲ್ಲ ಎಂದು ಇವನು ಹೇಳಿದ್ದು ಇವನ ಕಿವಿಯಲ್ಲೇ ಇರಲಿಲ್ಲ.

ಅಂದೇ ಮನೆಗೆ ಹೋಗಿ ಗಂಡನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಮಾತು ನಾಲ್ಕು ಗೋಡೆಯೊಳಗೇ ಸತ್ತುಹೋಗುತ್ತಿತ್ತು. ನಗುವಾಗ ಕೋಣೆ ತುಂಬಿತ್ತಲ್ಲ, ಅವಳಿಗೂ ತುಂಬಿದ ಕೋಣೆಯೇ ಬೇಕಿತ್ತು.

ಹೊಸದು ಕೊಳ್ಳುವ ಶಕ್ತಿ ಮನೆಗೆಲ್ಲಿತ್ತು? ಮಂಚದ ಕೆಳಗೆ ಹಳೆ ಲುಂಗಿಯಲ್ಲಿ ಸುತ್ತಿಟ್ಟಿದ್ದ ಸೈದಾಲಿಯ ಆಂಪ್ಲಿಫೈಯರನ್ನೇ ಎಳೆದು ಧೂಳು ಕೊಡವಿದಳು. ಸುಟ್ಟ ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಸುತ್ತು ಎಣಿಸುತ್ತ ಬಿಚ್ಚಿ, ಅಷ್ಟೇ ಸುತ್ತು ಹೊಸತಾಗಿ ಸುತ್ತಿದಳು. ನಡುವೆ ಮಗಳು ಉಮ್ಮಾ ಎಂದು ಕರೆದದ್ದಕ್ಕೆ ಲೆಕ್ಕ ತಪ್ಪಿ ಎರಡು ಸಲ ಮೊದಲಿನಿಂದ ಸುತ್ತಬೇಕಾಯಿತು. ಮದುವೆಗಳಿಗೆ ಮೈಕ್‌ಸೆಟ್ ಕೊಡುವ ಕೆಲಸ ಬಿಟ್ಟವನೊಬ್ಬನಿಂದ ಹರಿದ ಕಾಗದದ ದೊಡ್ಡ ಸ್ಪೀಕರುಗಳನ್ನು ತಂದು, ಹೊಸ ಚಪ್ಪಲಿಯ ಡಬ್ಬಿಯೊಳಗಿನ ತೆಳುಕಾಗದವನ್ನು ಗೋಂದಿನಲ್ಲಿ ಅದ್ದಿ ತೇಪೆ ಹಾಕಿದಳು. ಏರುದನಿಯನ್ನಷ್ಟೇ ಟ್ವೀಟರಿಗೆ ಬಿಡುವ ಕೆಪಾಸಿಟರುಗಳು ಕೆಟ್ಟ ಟೀವಿಗಳಿಂದ ಬಂದವು. ಕಲ್ಲಾಯಿಯ ಮರದ ಮಿಲ್ಲಿನಲ್ಲಿ ಸೌದೆಗೆ ಹೋಗುವ ಹಲಸಿನ ತುಂಡುಹಲಗೆಗಳನ್ನು ಸೈದಾಲಿಯೇ ತನ್ನ ಆಟೋದಲ್ಲಿ ಹೇರಿಕೊಂಡು ಬಂದ. ಯಾಕೆ ಎಂದು ಕೇಳಲಿಲ್ಲ, ಪೆಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ. ಒಳಗಿನ ಮಾರ್ದನಿ ಹೀರಿಕೊಳ್ಳಲು ಹಾಸಿಗೆಯ ಬೂರುಗದ ಹತ್ತಿ ತುಂಬಿದಳು. ಆ ಮಳೆಗಾಲ ಗಂಡ ಹೆಂಡಿರಿಬ್ಬರೂ ಚಾಪೆಯ ಮೇಲೆ ಮಲಗಿದರು. ಹೊಸದಾಗಿ ಕೊಂಡದ್ದು ಎರಡು ಟ್ವೀಟರು ಮಾತ್ರ. ನೋಡಲು ಹೊಳೆಯಬೇಕು ಎಂದು ಅಂಗಡಿಯಲ್ಲಿ ಎರಡೆರಡು ಸಲ ಹೇಳಿ ತಂದಿದ್ದಳು.

ಬಲೆಯ ಕೊನೆಯ ಗಂಟು ಹಾಕಿದ್ದು ಕಳೆದ ವಾರ. ಕೋಯಾಕನ ಹೆಂಡತಿಗೆ ಪತ್ತಿರಿ ಕೊಡುವ ನೆಪದಲ್ಲಿ ಹೋಗಿ, ಜಗಲಿಯಲ್ಲಿದ್ದ ಅವನ ಮುಂದೆ ತಲೆಯ ಸೆರಗು ಸರಿಮಾಡಿಕೊಂಡು ನಿಂತಿದ್ದಳು. ದುಬೈಯಿಂದ ಬಂದ ಟ್ವೀಟರಂತೆ, ಹಾಡಿನಲ್ಲಿ ಗೆಜ್ಜೆ ಬಂದರೆ ಒಂದೊಂದೇ ಎಣಿಸಬಹುದಂತೆ, ಕೇಳಿದವರು ಹೇಳುತ್ತಾರೆ, ನನಗೇನು ತಿಳಿಯುತ್ತದೆ, ಕೋಯಾಕ ಬಂದು ಹೇಳಿದರೇ ಹೇಳಿದ ಹಾಗೆ ಎಂದಿದ್ದಳು. ಅವನು ಗಡ್ಡ ನೀವಿಕೊಂಡಿದ್ದ. ಮಾತು ಒಳಗಿಳಿದದ್ದು ಅವಳಿಗೆ ಕಂಡಿತ್ತು.

ಮಧ್ಯಾಹ್ನ ಏಳು ಮಂದಿ ಬಂದರು. ಇದ್ದೊಂದು ಕುರ್ಚಿಯಲ್ಲಿ ಕೋಯಾಕ, ಚಾಪೆಯ ಮೇಲೆ ಉಳಿದವರು. ರಜೆಯಲ್ಲಿ ಬಂದಿದ್ದ ಹಂಸಕುಟ್ಟಿ ಗೋಡೆಗೊರಗಿ ಕೂತಿದ್ದ. ಸೈದಾಲಿ ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ, ತನ್ನದೇ ಮನೆಯಲ್ಲಿ ಹೊರಗಿನವನ ಹಾಗೆ. ರುಖಿಯ ಒಳಬಾಗಿಲಿನ ಪರದೆಯ ಹಿಂದೆ ನಿಂತು ಕಿಂಡಿಯಿಂದ ನೋಡುತ್ತಿದ್ದಳು.

ಹಾಡು ಶುರುವಾಯಿತು. ಕೊಳಲು, ತಬಲ, ಹೆಣ್ಣುದನಿ, ಚರಣದ ಕೊನೆಯಲ್ಲಿ ಗೆಜ್ಜೆ ಬರಬೇಕಾದ ಹಳೆಯ ಹಾಡು. ದೊಡ್ಡ ಸ್ಪೀಕರುಗಳು ತಮ್ಮ ಪಾಲಿನದನ್ನು ಚೆನ್ನಾಗಿಯೇ ಹಾಡಿದವು. ಆದರೆ ಗೆಜ್ಜೆಯ ಜಾಗದಲ್ಲಿ ಒದ್ದೆ ಮಣ್ಣಿನ ಮೇಲೆ ಹೆಜ್ಜೆಯಿಟ್ಟಂಥ ಮಂಕು ಸದ್ದು. ಚಾಪೆಯಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡು, ಕೋಯಾಕನತ್ತ ನೋಡಿ, ಮುಖ ನೇರ ಮಾಡಿಕೊಂಡರು. ಕೋಯಾಕ ಕಣ್ಣು ಮುಚ್ಚಿ, ಗೆಜ್ಜೆ ಬರಬೇಕಾದಲ್ಲಿ ಬೆರಳನ್ನು ಸರಿಯಾಗಿ ಆಡಿಸಿದ. ಸಾವಿರ ಸಲ ಕೇಳಿದ ಹಾಡು, ಅವನೊಳಗೆ ಪೂರ್ತಿ ಇತ್ತು.

ಹಾಡು ಮುಗಿಯಿತು. ಕೋಯಾಕ ನಿಧಾನವಾಗಿ ಕಣ್ಣು ತೆರೆದ.

"ಮಾಷಾ ಅಲ್ಲಾ. ಇದು ಸೆಟ್ಟು ಅಂದ್ರೆ. ಗೆಜ್ಜೆ ಒಂದೊಂದೇ ಎಣಿಸಬಹುದು."

ಹೌದು ಹೌದು, ಎಣಿಸಬಹುದು ಎಂದು ಚಾಪೆಯೆಲ್ಲ ಒಪ್ಪಿತು. ಒಬ್ಬನಂತೂ ಹದಿನಾರು ಲೆಕ್ಕ ಹಾಕಿದೆ ಎಂದ. ರುಖಿಯ ಪರದೆಯ ಅಂಚಿಗೆ ಕೈಯಿಟ್ಟಳು. ಈಗ ಪರದೆ ಸರಿಸಿ ಒಂದು ಮಾತು ಹೇಳಿದರೆ ಮುಗಿಯಿತು. ಆದರೂ ನಿಂತಳು. ಅವಳ ಕಣ್ಣು ಬಾಗಿಲ ಬಳಿ ಕೂತವನ ಮೇಲಿತ್ತು. ತಾನು ಹೇಳಿದರೆ ಕೋಯಾಕನ ಕಿವಿ ಹೋದದ್ದು ಗೊತ್ತಾಗುತ್ತದೆ, ಸೈದಾಲಿಯ ಕಿವಿ ಇದೆಯೆಂಬುದು ಗೊತ್ತಾಗುವುದಿಲ್ಲ. ಅದನ್ನು ಅವನೇ ಹೇಳಬೇಕು.

"ಏನು ಸೈದಾಲಿ," ಎಂದ ಕೋಯಾಕ ಗೆಲುವಿನಿಂದ, "ಆವತ್ತು ಬೈದದ್ದಕ್ಕೆ ಇವತ್ತು ಹದ ಬಂತು ನೋಡು. ಬೈದವರನ್ನ ಮರೀಬಾರ್ದು."

"ಹೌದು ಕೋಯಾಕ," ಎಂದ ಸೈದಾಲಿ.

ರುಖಿಯ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಳು. ಎಂಟು ತಿಂಗಳು, ಹಾಸಿಗೆಯ ಹತ್ತಿ, ಬೆಸುಗೆಯಲ್ಲಿ ಸುಟ್ಟ ಬೆರಳು ಎಲ್ಲ ಈ ಒಂದು 'ಹೌದು'ಗೆ? ಅವಳಿಗೆ ಕೋಯಾಕನಿಗಿಂತ ಹೆಚ್ಚು ಗಂಡನ ಮೇಲೆ ಸಿಟ್ಟು ಬಂತು.

ಎರಡನೆಯ ಹಾಡು ಅರ್ಧಕ್ಕೆ ಬಂದಿತ್ತು. ಸೈದಾಲಿ ಎದ್ದ. ಯಾರ ಮುಖವನ್ನೂ ನೋಡದೆ ಪೆಟ್ಟಿಗೆಯ ಬಳಿ ಹೋಗಿ ಮಂಡಿಯೂರಿ, ಟ್ವೀಟರಿಗೆ ಕಿವಿಯಿಟ್ಟ. ಇನ್ನೊಂದು ಪೆಟ್ಟಿಗೆಗೂ ಕಿವಿಯಿಟ್ಟ. ಹಂಸಕುಟ್ಟಿ ಏನಾಯಿತು ಮಾರಾಯಾ ಎಂದ.

"ಇದು ಹಾಡ್ತಾ ಇಲ್ಲ," ಎಂದ ಸೈದಾಲಿ. ಆಮೇಲೆ ತಿರುಗಿ ಕೂತು, ಆರು ವರ್ಷಗಳಲ್ಲಿ ಮೊದಲ ಬಾರಿ ಆ ಮುದುಕನನ್ನು ನೇರ ನೋಡಿದ. "ಎರಡೂ ಟ್ವೀಟರು ಸತ್ತಿವೆ. ಗೆಜ್ಜೆ ಬರ್ಲೇ ಇಲ್ಲ ಕೋಯಾಕ. ನೀವು ಎಣಿಸಿದ್ದು ಏನನ್ನ?"

ಕೋಯಾಕ ನಕ್ಕು, ನಿನ್ನ ಕಿವಿಯ ಕಥೆ ಹಳೆಯದು, ಕೂತ್ಕೋ ಎಂದ. ಈ ಸಲ ಜೊತೆಗೆ ಯಾರೂ ನಗಲಿಲ್ಲ. ಸೈದಾಲಿ ಹಲಗೆ ಬಿಚ್ಚಿದ. ಅಚ್ಚುಕಟ್ಟಾಗಿ ಟೇಪು ಸುತ್ತಿದ ವೈರಿನ ತುದಿಯನ್ನು ಹೊರಗೆಳೆದು ಎರಡು ಬೆರಳಲ್ಲಿ ಹಿಡಿದು ನೋಡಿದ. ಹಾಗೆ ಟೇಪು ಸುತ್ತುವ ಕೈ ಯಾರದೆಂದು ಅವನಿಗೆ ಗೊತ್ತಿತ್ತು. ಪರದೆಯತ್ತ ಒಮ್ಮೆ ನೋಡಿದ. ಎರಡೂ ಪೆಟ್ಟಿಗೆಯ ವೈರು ಜೋಡಿಸಿ, ಮೊದಲ ಹಾಡನ್ನೇ ಮತ್ತೆ ಹಾಕಿದ.

ಮುಚ್ಚಿದ ಕೋಣೆಯ ಕಿಟಕಿ ತೆರೆದಂತಾಯಿತು. ಕೊಳಲಿನವನು ಉಸಿರೆಳೆದುಕೊಂಡದ್ದು ಕೇಳಿತು. ಗೆಜ್ಜೆ ಬಂದಾಗ ಚಾಪೆಯ ಮೇಲಿನವರ ತಲೆಗಳು ಒಟ್ಟಿಗೇ ಮೇಲೆದ್ದವು. ಹದಿನಾರು ಎಣಿಸಿದವನು ನೆಲ ನೋಡಿದ. ಏಳು ಮಂದಿಯಲ್ಲಿ ಮುಖ ಬದಲಾಗದೆ ಕೂತವನು ಒಬ್ಬನೇ.

"ಈಗೇನು ಬದಲಾಯ್ತು?" ಎಂದ ಕೋಯಾಕ.

ಅವನು ಒಬ್ಬೊಬ್ಬರನ್ನೇ ನೋಡಿದ. ಹಂಸಕುಟ್ಟಿ ಕಣ್ಣು ತಪ್ಪಿಸಿದ. ಕೊನೆಗೆ ಮುದುಕ ಪರದೆಯ ಕಡೆ ತಿರುಗಿ ಮಗಳನ್ನು ಕರೆಯುವಂತೆ ಕರೆದ. "ಮೋಳೇ, ಇವರೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿದ್ದಾರೆ. ಏನು ಬದಲಾಯ್ತು ಅಂತ ನೀನಾದ್ರೂ ಹೇಳು."

ಅವನ ದನಿಯಲ್ಲಿ ಹೆದರಿಕೆಯಿತ್ತು. ರುಖಿಯ ಅದನ್ನು ಕೇಳಿದಳು, ಚೆನ್ನಾಗಿ ಕೇಳಿದಳು. ಒಂದು ಸುಳ್ಳು ಹೇಳಿ ಅವನನ್ನು ದಡ ಮುಟ್ಟಿಸಬಹುದಿತ್ತು. ಟೀ ತಟ್ಟೆ ಹಿಡಿದು ಹೊರಗೆ ಬಂದಳು.

"ಅದು ಹೇಗೆ ಹೇಳೋದು ಕೋಯಾಕ? ಮೊದಲ ಮಾತು ನಿಮ್ಮದಲ್ವಾ. ನೀವು ಹೇಳೋವರೆಗೆ ನಾವು ಯಾರೂ ಹೇಳೋ ಹಾಗಿಲ್ಲ."

ಹಾಡು ಮುಗಿಯುವವರೆಗೂ ಅವನು ಹಾಗೆಯೇ ಕೂತಿದ್ದ, ಬಾಯಿ ಸ್ವಲ್ಪ ತೆರೆದು. ಅವಳು ಎಲ್ಲರಿಗೂ ಟೀ ಕೊಟ್ಟಳು, ಅವನಿಗೂ ಕೊಟ್ಟಳು, ಸಕ್ಕರೆ ಸಾಕಾ ಎಂದು ಕೇಳಿದಳು. ಅವನು ಕುಡಿಯದೆ ಎದ್ದ. ಯಾರೋ ಚಪ್ಪಲಿ ಹುಡುಕಿಕೊಟ್ಟರು. ಹಿಂದೆಯೇ ಇಳಿದುಹೋಗುವವರು ಈ ಸಲ ಯಾರೂ ಇರಲಿಲ್ಲ. ಹಂಸಕುಟ್ಟಿ ಮಾತ್ರ ಕೊನೆಯವರೆಗೆ ಕೂತು, ಹಳೆಯ ಆರ್ಡರಿನ ಮಾತು ತೆಗೆದ. ನಾಳೆ ಬಾ, ಇವತ್ತು ನನಗೆ ಕೇಳುವುದಿದೆ ಎಂದು ಸೈದಾಲಿ ಅವನನ್ನು ಕಳಿಸಿಬಿಟ್ಟ.

ಎಲ್ಲರೂ ಹೋದ ಮೇಲೆ ರುಖಿಯ ಗಂಡನ ಎದುರು ಕೂತಳು. ಅವನು ನಗುತ್ತಾನೆ ಎಂದುಕೊಂಡಿದ್ದಳು.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದ.

ಮದುವೆಮನೆಯ ವಾಚಿನ ಸಂಗತಿ ಹೇಳಿದಳು. ಅವನು ತಿಂಗಳು ಲೆಕ್ಕ ಹಾಕಿದ.

"ಒಂದೂವರೆ ವರ್ಷ. ನನ್ನ ಕಿವಿ ಸರಿ ಉಂಟು ಅಂತ ನಿಂಗೆ ಒಂದೂವರೆ ವರ್ಷದಿಂದ ಗೊತ್ತಿತ್ತು. ನಾನು ಕಿವುಡನ ಹಾಗೆ ಊರೆಲ್ಲ ಗಾಡಿ ಓಡಿಸ್ತಾ ಇದ್ದೆ. ನೀನು ನೋಡ್ತಾ ಇದ್ದೆ."

ತಪ್ಪಾಯಿತು ಎನ್ನೋಣವೆಂದರೆ, ಬಾಯಿ ತೆರೆದು ಕೂತ ಆ ಮುದುಕನ ಮುಖ ಕಣ್ಣ ಮುಂದೆ ಬಂತು, ರುಖಿಯಳ ಎದೆಯುರಿ ತಣ್ಣಗಾಯಿತು. ಮತ್ತೆ ಮಾಡಬೇಕಾಗಿ ಬಂದರೂ ಹೀಗೆಯೇ ಮಾಡುತ್ತಿದ್ದಳು. ಅದನ್ನು ಗಂಡನಿಗೆ ಹೇಳುವ ಧೈರ್ಯವಾಗಲಿಲ್ಲ. ಅವನು ಬೆನ್ನು ತಿರುಗಿಸಿ ಪೆಟ್ಟಿಗೆಗಳ ನಡುವೆ ಕೂತು ಹಾಡು ಹಾಕಿದ. ಅವಳು ಲೋಟಗಳನ್ನು ತೊಳೆದಳು, ಚಾಪೆ ಗುಡಿಸಿದಳು, ನಾಳೆಯ ಅಕ್ಕಿ ನೆನೆಹಾಕಿದಳು.

ಸಂಜೆ ಮಗ್ರಿಬಿನ ಬಾಂಗಿಗೆ ಮುಂಚೆ ಅವನು ತಿರುಗದೆಯೇ ಹೇಳಿದ: "ಬಲಗಡೆಯದು ಎಡಗಡೆಯದಕ್ಕಿಂತ ಚೂರು ಚೂಪು. ಎರಡಕ್ಕೂ ಒಂದೇ ಕೆಪಾಸಿಟರು ಹಾಕಿಲ್ಲ ನೀನು."

ಒಂದೇ ಹಾಕಿದ್ದೇನೆ, ನೋಡಿಯೇ ಹಾಕಿದ್ದೇನೆ ಎಂದಳು.

"ಇಲ್ಲ," ಎಂದ ಅವನು.

ಅವಳು ಸಿಟ್ಟಿನಿಂದಲೇ ಹಲಗೆ ತೆಗೆದು, ಟಾರ್ಚು ಹಿಡಿದು, ಎರಡರ ಮೇಲಿನ ಸಣ್ಣ ಅಕ್ಷರ ಓದಿದಳು. ಎಡಗಡೆ ಎರಡು ಪಾಯಿಂಟ್ ಎರಡು, ಬಲಗಡೆ ಮೂರು ಪಾಯಿಂಟ್ ಮೂರು. ಯಾವುದೋ ದಣಿದ ದಿನ ಕಣ್ಣು ತಪ್ಪಿತ್ತು.

"ನೀವು ಹೇಳಿದ್ದೇ ಸರಿ," ಎಂದಳು ತಕ್ಷಣ, ಈ ಸಲ ತಡಮಾಡದೆ.