ಶಾಗ್ಯದ ಕಲ್ಲಿನ ಅಡಿಟಿಪ್ಪಣಿ

ಎಷ್ಟು ಸಣ್ಣ ಅಕ್ಷರ, ಮೈಸೂರಿನ ಪತ್ರಿಕೆಯ ಪುಟದ ತಳದಲ್ಲಿ ಸಾಸಿವೆ ಚೆಲ್ಲಿದ ಹಾಗೆ, ಕಣ್ಣಿಗೆ ಹತ್ತಿರ ಹಿಡಿದರೇ ಕಾಣುವುದು — ಶಾಗ್ಯದ ಶಾಸನದ ಈ ಪಾಠವನ್ನು ಒದಗಿಸಿದವರು ಯಳಂದೂರಿನ ಸದಾಶಿವಪ್ಪನವರು — ಒದಗಿಸಿದರಂತೆ, ಈ ನಮ್ಮ ಮೇಷ್ಟ್ರು ಶಾಗ್ಯದ ದಾರಿಯನ್ನೇ ಕಂಡವರಲ್ಲ, ಕೆರೆಯಂಚಿನ ಕೆಸರಿನಲ್ಲಿ ಬೋರಲು ಮಲಗಿ, ಕಲ್ಲು ಒರೆಸಿ ಒಣಗಿಸಿ, ಸವೆದ ಕೊನೇ ಸಾಲಿಗೆ ರಾಗಿಹಿಟ್ಟು ಸವರಿ ಓದಿದವಳು ನಾನು, ಆ ಊರಿನ ಚಿಕ್ಕನಿಂಗಮ್ಮ ಒದ್ದೆ ಸೀರೆ ಹಿಡಿದು ನಿಂತು ನಗುತ್ತಿದ್ದಳು, ಬಟ್ಟೆ ಒಗ್ಯ ಕಲ್ಲು ಕಣವ್ವ ಅದು, ಅದ್ರಲ್ಲಿ ಏನ್ ಓದೀಯೆ, ಈ ಕೆರೆ ಕಟ್ಟಿಸಿದವಳು ಒಬ್ಬ ಹೆಂಗಸು ಅಂತ ಬರೆದಿದೆ ಅಂದೆ, ನಗು ನಿಂತಿತು, ಅವ್ಳ ಎಸ್ರು ಏನವ್ವ ಅಂದಳು. ಅವಳಿಗೂ ಹೆಸರು ಬೇಕಾಯಿತು.

ತಪ್ಪು ನನ್ನದೂ ಇದೆ, ಅದಕ್ಕೇ ಮೈಯೆಲ್ಲ ಉರಿಯುವುದು, ಶಾಸನ ಓದುವ ನಮ್ಮ ಭಾನುವಾರದ ಗುಂಪಿಗೆ ಮೈಸೂರಿನ ಪತ್ರಿಕೆಗಳು ಬರುವುದು ಮೇಷ್ಟ್ರ ಹೆಸರಿಗೆ, ಬೇಕಾದ ಲೇಖನವನ್ನು ನಾವು ಕೈಯಲ್ಲಿ ನಕಲು ಮಾಡಿಕೊಳ್ಳುವುದು, ನಕಲಿನ ತಲೆಯ ಮೇಲೆ ಸದಾಶಿವಪ್ಪನವರ ಕೃಪೆ ಎಂದು ಬರೆಯುವುದು ಪದ್ಧತಿ, ಐದು ವರ್ಷ ಬರೆದೂ ಬರೆದೂ ನನ್ನ ಸ್ವಂತ ಲೇಖನದ ತಲೆಗೂ ಅದನ್ನೇ ಬರೆದು ಮೈಸೂರಿಗೆ ಕಳಿಸಲು ಮೇಷ್ಟ್ರ ಕೈಗೆ ಕೊಟ್ಟೆ, ಮೈಸೂರಿನವರು ಪಾಠ ಮೇಷ್ಟ್ರದೇ ಅಂದುಕೊಂಡರು — ಅವರು ತಿಳಿಯದೆ ಬರೆದರು, ಮೇಷ್ಟ್ರಿಗೆ ತಿಳಿದಿತ್ತಲ್ಲ, ಒಂದು ಕಾರ್ಡು ಹಾಕಬಹುದಿತ್ತಲ್ಲ. ಹೋದ ವಾರ ಕೇಳಿಯೇಬಿಟ್ಟೆ, ಎಲೆಯಡಿಕೆ ಮೆಲ್ಲುತ್ತಾ ಅಂದರು, ಗುಂಪಿನ ಕೆಲ್ಸ ಕಣವ್ವ ಶಿವರತ್ನ, ಅದ್ರಲ್ಲಿ ನಂದೇನು ನಿಂದೇನು — ಹಾಗಾದರೆ ನನ್ನದೆಂದೇ ಇರಲಿ ಅಂತ ಬಾಯಿಗೆ ಬಂತು, ನುಂಗಿದೆ, ಪಕ್ಕದಲ್ಲಿ ಪುಟ್ಟಬಸಪ್ಪನವರು ಹೌದೌದು ಎಂದು ತಲೆಯಾಡಿಸಿದರು, ಶಾಗ್ಯದಲ್ಲಿ ಹಿಟ್ಟಿನ ಬಟ್ಟಲು ಹಿಡಿದು ನಿಂತಿದ್ದವರೇ ಅವರು. ಉಂಡೂ ಹೋದ ಕೊಂಡೂ ಹೋದ ಅನ್ನುವುದು ಇದಕ್ಕೇ.

ಕೊಳ್ಳೇಗಾಲದ ಈ ಬೆಂಚು ಕಾದು ಸುಡುತ್ತಿದೆ, ಯಳಂದೂರಿನ ಬಸ್ಸು ಇನ್ನೂ ಬಂದಿಲ್ಲ, ಚೀಲದಲ್ಲಿ ಮುಳ್ಳೂರಿನ ಕಲ್ಲಿನ ಲೇಖನ, ಇವತ್ತು ಕೊಡಬೇಕು, ತಲೆಯ ಸಾಲು ಖಾಲಿ ಬಿಟ್ಟಿದ್ದೇನೆ, ಅಲ್ಲಿ ಶಿವರತ್ನಮ್ಮ ಎಂದು ಬರೆದು ಮೇಷ್ಟ್ರ ಮುಖದ ಮುಂದೆಯೇ ಹಿಡಿಯುತ್ತೇನೆ, ಗುಂಪಿನಿಂದ ತೆಗೆದರೆ ತೆಗೆಯಲಿ, ಪತ್ರಿಕೆ ಕೊಡದಿದ್ದರೆ ಬೇಡ — ಬೇಡವೇ, ಆಮೇಲೆ ಏನು ಓದುತ್ತೀ, ಈ ಕಡೆ ಇನ್ಯಾರಿಗೆ ಪತ್ರಿಕೆ ಬರುತ್ತದೆ — ಬೇಡ ಅಂದರೆ ಬೇಡ, ಪೆನ್ನು ತೆಗೆದೆ, ಹಾಳೆಯನ್ನು ತೊಡೆಯ ಮೇಲಿಟ್ಟೆ, ಮನಸ್ಸು ಮೇಷ್ಟ್ರ ಜೊತೆ ಜಗಳವಾಡುತ್ತಲೇ ಇದೆ, ಕೈ ಬರೆಯುತ್ತಿದೆ, ಬಗ್ಗಿ ನೋಡಿದರೆ ಸದಾಶಿವ ಎಂದು ಬರೆದಾಗಿದೆ, ಮಸಿ ಇನ್ನೂ ಆರಿಲ್ಲ, ಸದಾಶಿವ, ನನ್ನದೇ ದುಂಡು ಅಕ್ಷರ, ಸದಾಶಿವ