ಮೊದಲು ಮುಟ್ಟಿದ ಕೈ

ಪರದೆಯ ಮೇಲೆ ಏನೋ ಬೆಳ್ಳಗೆ ಕದಲಿತು, ಇನ್ನೊಂದು ಸೂಚನೆ ಬಂತೇನೋ ಅಂತ ಚೇತನಾ ಬಗ್ಗಿ ನೋಡಿದರೆ ಹತ್ತಿಯ ಎಳೆ, ಕಿಟಕಿಯಿಂದ ಬಂದದ್ದು, ಮನೆಯ ಹಿಂದಿನ, ಹತ್ತಿ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ನಡೆಯುವ ದಿನಗಳಲ್ಲಿ ಆದೋನಿಯ ಈ ಓಣಿಯಲ್ಲಿ ಹತ್ತಿ ಬೀಳದ ಜಾಗವೇ ಇಲ್ಲ, ಅನ್ನದ ತಟ್ಟೆಯಲ್ಲಿ, ದೇವರ ತಲೆಯ ಮೇಲೆ, ಒಣಹಾಕಿದ ಬಟ್ಟೆಯಲ್ಲಿ — ಊದಿದಳು, ಹಾರಿ ಹೋಗಿ ಕೀಲಿಮಣೆಯ ಮೇಲೆ ಕೂತಿತು, ಎಂಟರ್ ಕೀಲಿಯ ಅಂಚಿಗೆ, ಅಲ್ಲಿಯ ಆ ಕೆಂಪಿನ ಪಕ್ಕಕ್ಕೇ. ಕೆಂಪಿನ ಕಡೆ ನೋಡಬಾರದು ಈಗ. ಮೇಲೆ ನೋಡಬೇಕು, ಪರದೆಯ ನೆತ್ತಿಯ ಹಳದಿ ಪಟ್ಟಿಯನ್ನು, ಈ ಸಾಫ್ಟ್‌ವೇರ್ ಸಕ್ರಿಯವಾಗಿಲ್ಲ, ತಿದ್ದಲು ಬರುವುದಿಲ್ಲ, ಓದಬಹುದು ಅಷ್ಟೇ — ಈ ಮನೆಯ ಸೊಸೆಗೆ ಹೇಳಿ ಮಾಡಿಸಿದ ಮಾತು, ಎಲ್ಲ ನೋಡು, ಏನನ್ನೂ ಮುಟ್ಟಬೇಡ. ಸಂಜೆಯೊಳಗೆ ಶಿರೀಷಾ ಅವರಿಗೆ ಲೆಕ್ಕದ ಹಾಳೆ ಹೋಗಬೇಕು. ಎಮ್ಮಿಗನೂರಿನಲ್ಲಿ ಕೈಮಗ್ಗದ ಸೀರೆ, ಹೊದಿಕೆ ನೇಯಿಸಿ ಹೊರದೇಶಕ್ಕೆ ಕಳಿಸುವ ಶಿರೀಷಾ, ಎಷ್ಟು ನೇರ ಹೆಂಗಸು, ಅರ್ಧ ತೆಲುಗು ಅರ್ಧ ಕನ್ನಡ, ಚೇತನಾ ಗಾರೂ, ಒಂದು ಶೀಟ್ ಕಳಸ್ತೀನಿ, ನೂಲಿನ ಸ್ಟಾಕು, ಮಗ್ಗದವರ ಕೂಲಿ, ಎಲ್ಲಾ ತಾಳೆ ಹಾಕಿ ನೋಡಿ ಕೊಡ್ರಿ, ಬಾಗುಂಟೇ, ಚಲೋ ಇದ್ರ, ಕೆಲಸ ನಿಮ್ದೇ, ಮನ್ಯಾಗ ಕೂತು ಮಾಡ್ರಿ, ವಾರಕ್ಕೊಮ್ಮೆ ಬಂದು ಹೋದ್ರ ಸಾಕು, ಆದ್ರ ಒಂದೇ ಮಾತು, ಮಾಡಾದು ನೀವಾ ಆಗಿರಬೇಕು, ಹೋದ ಸಲ ಬಂದಾಕಿ ಮನಿಯವರ ಕೈಲೆ ಮಾಡಿಸಿ ಕಳಿಸಿದ್ಲು, ಕೆಲಸಕ್ಕ ಕೂತ ಮ್ಯಾಲ ಒಂದು ಮೊತ್ತ ಕೂಡಸಾಕ ಬರಲಿಲ್ಲ. ನಂದಾ ಕೆಲಸ ಇರತೈತ್ರಿ ಮೇಡಂ, ಅಂದಿದ್ದಳು ಚೇತನಾ, ಅಂದು ಫೋನಿಟ್ಟು ಎಷ್ಟೋ ಹೊತ್ತು ಕನ್ನಡಿಯ ಮುಂದೆ ನಿಂತಿದ್ದಳು. ಎಮ್ಮಿಗನೂರು ಅವಳ ತವರು. ವಾರಕ್ಕೊಮ್ಮೆ ಬಸ್ಸು ಹತ್ತಲು ಒಂದು ಕಾರಣ ಸಿಗುತ್ತಿತ್ತು, ಈ ಮನೆಯಲ್ಲಿ ಯಾರನ್ನೂ ಕೇಳದೆ ಹೋಗಲು.

ಕೆಲಸ ಮುಗಿಯುತ್ತ ಬಂದಿತ್ತು, ಕೂಲಿಯ ಲೆಕ್ಕವೊಂದೇ ಉಳಿದದ್ದು, ಅಷ್ಟರಲ್ಲಿ ಲ್ಯಾಪ್‌ಟಾಪು ಮುದಿ ಎತ್ತಿನ ಹಾಗೆ ಕೂತುಬಿಟ್ಟಿತು, ಬಜಾರಿನ ರಿಪೇರಿ ಅಂಗಡಿಯ ಶ್ರೀನು ಅವಳ ಫೈಲುಗಳನ್ನು ಬೇರೆ ಎತ್ತಿಟ್ಟು ಉಳಿದದ್ದನ್ನೆಲ್ಲ ಒರೆಸಿ ಹೊಸದರ ಹಾಗೆ ಮಾಡಿಕೊಟ್ಟ, ಯಾರ ಹೆಸರು ಹಾಕ್ಲಿ ಅಕ್ಕಾ ಅಂತ ಕೇಳಿದ, ಅವಳು ತನ್ನ ಹೆಸರು ಹೇಳಿದಳು, ಹೇಳುವಾಗ ಯಾಕೋ ಸುತ್ತ ಒಮ್ಮೆ ನೋಡಿದಳು. ಮನೆಗೆ ತಂದು ತೆರೆದರೆ ಪರದೆ ಚೇತನಾ ಅಂದಿತು. ಒಂದು ರಾತ್ರಿಯ ಸುಖ ಅದು, ಬೆಳಿಗ್ಗೆ ಹಾಳೆ ತೆರೆದರೆ ಹಳದಿ ಪಟ್ಟಿ. ಲ್ಯಾಪ್‌ಟಾಪಿನ ಒಳಗೇ ಬಂದ ಸಾಫ್ಟ್‌ವೇರು, ಬೇರೆ ಕೊಳ್ಳಬೇಕಾಗಿಲ್ಲ ಅಂತ ಮಾರಿದವನೇ ಹೇಳಿದ್ದ, ತನ್ನ ಈಮೇಲ್ ಹಾಕಿದಳು, ಈ ಖಾತೆಯಲ್ಲಿ ಯಾವ ಲೈಸೆನ್ಸೂ ಇಲ್ಲ, ಪಾಸ್‌ವರ್ಡ್ ತಪ್ಪಿರಬೇಕು ಅಂತ ಮತ್ತೆ ಹಾಕಿದಳು, ಇಲ್ಲ, ನೆಟ್ಟು ತೆಗೆದು ಹಾಕಿದಳು, ಇಲ್ಲ, ಸಾಫ್ಟ್‌ವೇರನ್ನೇ ಕಿತ್ತು ಇನ್ನೊಮ್ಮೆ ಇಳಿಸಿಕೊಂಡಳು, ಇಲ್ಲ, ಬೇರೆ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತೆರೆದರೆ ಶಿರೀಷಾ ಕೂಡಿಸಿ ಕಳಿಸಿದ ಸೂತ್ರಗಳೆಲ್ಲ ಚೆಲ್ಲಾಪಿಲ್ಲಿ. ಸಹಾಯದ ನಂಬರಿಗೆ ಫೋನು ಮಾಡಿದಳು, ಎಷ್ಟೋ ಹೊತ್ತು ಬರೀ ವಾದ್ಯ, ಆಮೇಲೆ ಒಬ್ಬ ಹುಡುಗಿ, ಬೆಣ್ಣೆಯಂಥ ಹಿಂದಿ, ಮೇಡಂ, ಮಶೀನಿನ ಜೊತೆ ಬಂದ ಲೈಸೆನ್ಸು ಮೊದಲ ಸಲ ಯಾರ ಖಾತೆಯಿಂದ ತೆರೆದಿರೋ ಅವರದೇ, ಇನ್ನೊಬ್ಬರ ಹೆಸರಿಗೆ ಬದಲಾಗುವುದಿಲ್ಲ. ಬಿಲ್ಲು ನನ್ನ ಹೆಸರಿನಲ್ಲಿದೆ, ಅಂದಳು ಚೇತನಾ. ಬಿಲ್ಲು ಮಶೀನಿಗೆ ಮೇಡಂ, ಲೈಸೆನ್ಸು ಮೊದಲು ತೆರೆದವರಿಗೆ, ಯಾರು ತೆರೆದರು ಅಂತ ನೆನಪಿದೆಯಾ. ನೆನಪಿಲ್ಲದೆ ಏನು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ, ಇಲ್ಲಿ ದೇವರು ಪೂಜಾರಿಗೇ ಬರೆದುಕೊಟ್ಟು ಕೂತಿದ್ದಾನೆ. ಶ್ರೀನುಗೆ ಹೇಳಿದರೆ ನಕ್ಕ, ಇಷ್ಟಕ್ಕ ಯಾಕಕ್ಕಾ ತಲಿ ಕೆಡಿಸ್ಕಂತಿ, ಒಂದು ಕಳ್ಳ ಕೀ ಹಾಕಿಬಿಡ್ತೀನಿ, ಊರಾಗ ಎಲ್ಲಾರೂ ಹಂಗಾ ನಡಸ್ತಾರ — ಬೇಡಪ್ಪ, ಅಂದಳು. ತನ್ನದನ್ನು ತಾನೇ ಕದಿಯುವ ಗತಿ ಬಂತೇ ಅಂತ ಸಿಟ್ಟು, ಆ ಸಿಟ್ಟನ್ನು ಇಳಿಸಲು ಒಂದು ಜಾಗವೂ ಇಲ್ಲ.

ಲ್ಯಾಪ್‌ಟಾಪು ಮನೆಗೆ ಬಂದ ದಿನ ಸೋಮವಾರ. ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳಿ ಕೂಡಿಟ್ಟ ದುಡ್ಡಿನಿಂದ ಕೊಂಡದ್ದು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಆಟೋದಲ್ಲಿ ತಂದದ್ದು, ಒಳಗೆ ಕಾಲಿಡುತ್ತಲೇ ಅತ್ತೆ ಅಂಬಮ್ಮ, ದೇವರ ಮುಂದ ಇಡವಾ, ಹೊಸಾ ವಸ್ತು — ಮಣೆಯ ಮೇಲೆ ಇಟ್ಟರು, ಮುಚ್ಚಳಕ್ಕೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ತೆಂಗಿನಕಾಯಿ ಒಡೆದ ನೀರು ಕೀಲಿಗಳ ಮೇಲೆ ಬಿದ್ದೀತೆಂದು ಅವಳು ಸೆರಗು ಅಡ್ಡ ಹಿಡಿದಳು, ಪರದೆ ಬೆಳಗಿತು, ಹೆಸರು ಹಾಕಿ ಅಂದಿತು, ಅವಳ ಕೈ ಮುಂದೆ ಹೋಯಿತು, ಅತ್ತೆ ಮಣಿಕಟ್ಟು ಹಿಡಿದರು. ಮೆತ್ತಗೇ ಹಿಡಿದರು. ತಡಿಯವಾ, ನೀ ಮುಟ್ಟಬ್ಯಾಡ, ಬೋಣಿ ಉದಯ ಮಾಡ್ಲಿ, ಅವನ ಕೈಗುಣ ಚಲೋ ಐತಿ. ಉದಯಕುಮಾರ್, ಗಂಡನ ಅಣ್ಣ, ಹತ್ತಿ ಅಂಗಡಿಯ ಯಜಮಾನ, ಮನೆಯಲ್ಲಿ ಹೊಸ ಫ್ರಿಜ್ಜಿನ ಬಾಗಿಲು ತೆಗೆಯುವುದೂ ಅವರೇ, ಹೊಸ ಗಾಡಿಯ ಕೀಲಿ ತಿರುಗಿಸುವುದೂ ಅವರೇ, ನಗುತ್ತ ಬಂದು ಮಣೆಯ ಮುಂದೆ ಕೂತರು, ತಮ್ಮ ಈಮೇಲ್ ಒಂದೊಂದೇ ಅಕ್ಷರ ಹುಡುಕಿ ಹಾಕಿದರು, ಕುಂಕುಮ ಮುಟ್ಟಿ ಹಣೆಗಿಟ್ಟುಕೊಂಡು ಅದೇ ಬೆರಳಿನಿಂದ ಎಂಟರ್ ಒತ್ತಿದರು. ಎಲ್ಲರೂ ಕೈಮುಗಿದರು, ಅವಳೂ ಮುಗಿದಳು. ಸೊಸೆಯ ಕೈಗೇನಾಗಿತ್ತು ಅಂದರೆ, ಬಂದ ಮೊದಲ ವರ್ಷ ದೀಪಾವಳಿಗೆ, ಹೊಸ ಸೊಸಿ ಲಕ್ಷ್ಮಿ ಇದ್ದಂಗ ಅಂತ ಅಂಗಡಿಗೆ ಕರೆದೊಯ್ದು ಮೊದಲ ತೂಕ ಅವಳ ಕೈಯಿಂದಲೇ ಮಾಡಿಸಿದರು, ಆ ವಾರ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು, ಅಂಗಳದಲ್ಲಿ ಹಾಕಿದ ಹತ್ತಿಯೆಲ್ಲ ನೆನೆದು ಕಪ್ಪಾಯಿತು. ಇಡೀ ಮಾರ್ಕೆಟ್ಟಿನ ಹತ್ತಿ ನೆನೆದಿತ್ತು, ಕೈ ಮಾತ್ರ ಇವಳೊಬ್ಬಳದು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು, ಅವರು ಬರೀ ಕೈ ಹಿಡಿದು ನಿಲ್ಲಿಸುತ್ತಾರೆ, ಮೆತ್ತಗೆ, ಉಪ್ಪಿನಕಾಯಿ ಭರಣಿ ತೆರೆಯುವಾಗ, ಹೊಸ ಅಕ್ಕಿ ಚೀಲ ಬಿಚ್ಚುವಾಗ, ತಡಿಯವಾ ಅಂತ. ಅಂಗಡಿಯ ಲೆಕ್ಕ ಮಾತ್ರ ಅವಳ ಕೈಯಿಂದಲೇ ಆಗಬೇಕು, ಇದೇ ಲ್ಯಾಪ್‌ಟಾಪಿನಲ್ಲಿ, ಪರದೆಯ ಮೂಲೆಯಲ್ಲಿ ಭಾವನ ಹೆಸರಿಟ್ಟುಕೊಂಡು — ಅದು ಬೋಣಿಯಲ್ಲ, ಚಾಕರಿ, ಚಾಕರಿಗೆ ಯಾರ ಕೈಯಾದರೂ ನಡೆಯುತ್ತದೆ. ಮನೆ ಒಂದು ನಿಯಮ ಮಾಡಿತ್ತು, ಈಗ ಎಲ್ಲೋ ಕೂತ ಕಂಪನಿಯೂ ಅದೇ ನಿಯಮ ಹೇಳುತ್ತಿದೆ, ಮೊದಲು ಮುಟ್ಟಿದವರದು. ಕೆಂಪು ಆ ಬೋಣಿಯ ದಿನದ್ದೇ. ಕೀಲಿಯ ಸಂದಿಯಲ್ಲಿ ಸೇರಿದ್ದು, ಹತ್ತಿಯಿಂದ ಒರೆಸಿದರೂ ಹೋಗಲಿಲ್ಲ, ಶ್ರೀನು ಎಲ್ಲ ಒರೆಸಿ ಕೊಟ್ಟನಲ್ಲ, ಅವನಿಂದಲೂ ಹೋಗಲಿಲ್ಲ.

ಗಂಡನಿಗೆ ಫೋನು ಮಾಡಿದಳು ಮೊದಲು, ಬಸವಕಿರಣ ಹತ್ತಿ ನೋಡಲು ಹೊಳಗುಂದದ ಕಡೆ ಹೋಗಿದ್ದಾನೆ, ಗಾಳಿಯ ಸದ್ದಿನಲ್ಲಿ ಅವನ ಮಾತು, ಅಣ್ಣನ್ನ ಕೇಳು, ಕೇಳಿದ್ರ ನಿನ್ನ ಗಂಟೇನು ಹೋಗತೈತಿ. ಗಂಟು ಇದ್ದರಲ್ಲವೇ ಹೋಗುವುದು. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿದೆ, ಸಂಜೆ ಅಂದರೆ ಎಷ್ಟು ಹೊತ್ತಿನ ಮಾತು, ಭಾವನ ಈಮೇಲ್ ಹಾಕಿ ಅವರಿಗೇ ಫೋನು ಮಾಡಿದಳು. ಭಾವಾರ, ಲ್ಯಾಪ್‌ಟಾಪಿನ ಸಲುವಾಗಿ ನಿಮ್ಮ ಫೋನಿಗೆ ಒಂದು ನಂಬರ್ ಬರತೈತ್ರಿ, ಸ್ವಲ್ಪ ಹೇಳ್ರಿ. ಅವರ ಹಿಂದೆ ಮಾರ್ಕೆಟ್ಟಿನ ಗದ್ದಲ, ಹರಾಜಿನ ಕೂಗು, ಅಯ್ಯ ಅದಕ್ಕೇನವಾ, ಯಾವಾಗ ಬೇಕಾದ್ರೂ ಕೇಳು, ನಾ ಇಲ್ಲ ಅಂತೀನೇನು — ಆಮೇಲೆ ಪಕ್ಕದವರಿಗೆ, ಜೋರಾಗಿ, ನಮ್ಮ ಬಸವನ ಹೇಣ್ತಿ ಕಂಪ್ಯೂಟರ್ ಕೀಲಿ ನನ್ನ ಜೇಬಿನಾಗ ಐತಿ ನೋಡ್ರಪ, ನಗು, ಎಲ್ಲರ ನಗು, ಅಂಕಿಗಳನ್ನು ಒಂದೊಂದಾಗಿ ಹೇಳಿದರು, ತಾಳ್ಮೆಯಿಂದ, ಕೇಳಿತೇನವಾ ಅಂತ ಮತ್ತೊಮ್ಮೆಯೂ ಹೇಳಿದರು. ಒಳ್ಳೆಯ ಮನುಷ್ಯ. ಅದೇ ಕಷ್ಟ, ಕೆಟ್ಟವರಾಗಿದ್ದರೆ ಒಂದು ದಿನ ಎದುರು ನಿಂತು ಜಗಳ ಆಡಬಹುದಿತ್ತು, ಕೊಡುವವರ ಜೊತೆ ಏನಂತ ಜಗಳ, ಕೈ ಚಾಚಿಕೊಂಡೇ ನಿಂತಿರಬೇಕು. ಅಂಕಿ ಹಾಕಿದಳು, ಬೆರಳು ಆ ಕೆಂಪಿನ ಮೇಲೆ ಹೋಯಿತು, ಒತ್ತಿದಳು. ಹಳದಿ ಪಟ್ಟಿ ಹೋಯಿತು. ಸ್ವಾಗತ, ಉದಯಕುಮಾರ್. ಇರಲಿ, ಹೆಸರು ಯಾರದಾದರೇನು, ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ, ಈಗ ಅಕ್ಕಿಯೇ ಮುಖ್ಯ — ಕೂಲಿಯ ಲೆಕ್ಕ ತೆರೆದಳು, ಬೆರಳುಗಳು ಓಡಿದವು, ಅವು ಓಡುವುದು ಅವಳಿಗೇ ಚಂದ ಕಂಡಿತು, ಒಬ್ಬ ನೇಕಾರನ ಕೂಲಿ ಎರಡು ಕಡೆ ಬಿದ್ದಿತ್ತು, ಹಿಡಿದಳು, ಪಕ್ಕದಲ್ಲಿ ಟಿಪ್ಪಣಿ ಬರೆದಳು, ಇನ್ನೊಂದು ಕಡೆ ನೂಲಿನ ತೂಕ ತಪ್ಪಿತ್ತು, ಅಲ್ಲೂ ಬರೆದಳು, ಮೊತ್ತ ಕೂಡಿತು, ಕಳಿಸಿದಳು. ಈ ಮನೆಯಲ್ಲಿ ಇಷ್ಟು ಹಗುರಾಗಿ ಅವಳು ಕೂತದ್ದೇ ನೆನಪಿಲ್ಲ.

ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಫೋನು ಬಂತು, ಶಿರೀಷಾ, ಇಷ್ಟು ಬೇಗ, ಕೈತುಂಬ ಹಿಟ್ಟು, ಮಣಿಕಟ್ಟಿನಿಂದ ಒತ್ತಿ ಸ್ಪೀಕರಿಗೆ ಹಾಕಿದಳು, ಪಡಸಾಲೆಯಲ್ಲಿ ಅತ್ತೆ ಹತ್ತಿ ಹೊಸೆದು ದೀಪದ ಬತ್ತಿ ಮಾಡುತ್ತ ಕೂತಿದ್ದರು. ಚೇತನಾ ಗಾರೂ, ಶೀಟ್ ನೋಡಿದೆ, ಚಾಲಾ ಬಾಗುಂದಿ, ಭಾಳ ಚಂದ ಐತಿ, ಆ ಕೂಲಿ ಎರಡು ಕಡೆ ಬಿದ್ದಿದ್ದು ನಮ್ಮವ್ರಿಗಾ ಸಿಕ್ಕಿದ್ದಿಲ್ಲ — ಚೇತನಾಳ ಎದೆ ತುಂಬಿ ಬಂತು, ಥ್ಯಾಂಕ್ಸ್ ಮೇಡಂ ಅನ್ನಬೇಕು — ಆದ್ರ ಒಂದು ಕೇಳ್ತೀನಿ, ಟಿಪ್ಪಣಿ ಬರೆದಲ್ಲೆಲ್ಲಾ ಉದಯಕುಮಾರ್ ಅಂತ ಐತಿ, ಫೈಲ್ ಕೊನೀಗೆ ತಿದ್ದಿದ್ದೂ ಉದಯಕುಮಾರ್ ಅಂತೈತಿ, ಯಾರಿವರು. ಎಲ್ಲಿಂದ ಶುರು ಮಾಡುವುದು, ಮಣೆಯಿಂದಲೋ, ತೆಂಗಿನಕಾಯಿಯಿಂದಲೋ, ದೀಪಾವಳಿಯ ಮಳೆಯಿಂದಲೋ, ನಾನಾ ಮಾಡೀನ್ರಿ ಮೇಡಂ ಅಂತ ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಿಂದ ಅತ್ತೆ, ಮಗನ ಹೆಸರು ಕಿವಿಗೆ ಬಿದ್ದ ಸಂತೋಷದಲ್ಲಿ ದನಿ ಎತ್ತಿ, ಅಂವ ನಮ್ಮ ದೊಡ್ಡ ಮಗರೀ, ಏನಾ ಕೆಲಸ ಇರಲಿ ನಾವು ಅವನ ಕೈಲೇನಾ ಮಾಡಸ್ತೀವಿ, ಅವನ ಕೈಗುಣ ಹಂಗೈತಿ. ಓ, ಅಲಾಗಾ, ಹಂಗಾ, ಅಂದರು ಶಿರೀಷಾ, ಸರೆ ಅಮ್ಮಾ, ಸರೆ. ಇಟ್ಟುಬಿಟ್ಟರು. ಮೇಡಂ, ಮೇಡಂ ಅಂದಳು ಚೇತನಾ, ಹಿಟ್ಟಿನ ಬೆರಳಿಂದಲೇ ತಿರುಗಿ ಮಾಡಿದಳು, ರಿಂಗಾಯಿತು, ಎತ್ತಲಿಲ್ಲ, ಮತ್ತೆ ಮಾಡಿದಳು, ಅತ್ತೆ ಬತ್ತಿಯ ಕಟ್ಟು ಹಿಡಿದು ಬಾಗಿಲಿಗೆ ಬಂದರು, ಮುಖ ಅರಳಿತ್ತು, ಚಂದ ಐತಿ ಅಂದ್ರಲ್ಲವಾ ಅವರು, ನೋಡಿದ್ಯಾ, ಉದಯನ ಕೈ ಬಿದ್ರ ಹಂಗಾ. ಹೂಂ ರೀ ಅತ್ತ್ಯಾರ. ಬರೆದು ಕಳಿಸಬೇಕು, ಎಲ್ಲ ವಿವರಿಸಿ, ಮೇಡಂ ಅದು ನನ್ನದೇ, ಅಂತ, ಲ್ಯಾಪ್‌ಟಾಪಿನ ಮುಂದೆ ಕೂತಳು, ಮೇಡಂ ಅಂತ ಹೊಡೆದಳು, ಮುಂದಿನ ಸಾಲಿಗೆ ಹೋಗಲು ಬೆರಳು ಎಂಟರಿನ ಕಡೆ ಹೋಯಿತು, ಅಲ್ಲೇ ನಿಂತಿತು, ಹತ್ತಿಯ ಎಳೆ ಇನ್ನೂ ಅಲ್ಲೇ ಇದೆ, ಉಗುರಿನಿಂದ ಕೆರೆದಳು, ಎಳೆ ಬಂತು, ಹಿಟ್ಟು ಮೆತ್ತಿತು, ಹಿಟ್ಟನ್ನೂ ಕೆರೆದಳು, ಮುಂದಿನ ಮಾತು ಏನು, ಮೇಡಂ, ಮೇಡಂ ಆದ ಮೇಲೆ ಏನು, ಕೆರೆಯುತ್ತಲೇ ಇದ್ದಾಳೆ, ಕೀಲಿಯ ಅಂಚಿಗೆ, ಸಂದಿಯ ಒಳಗೆ, ಆ ಕೆಂಪು, ಬೆರಳಿನಗಲದ ಕೆಂಪು.